ಗಣಿತಸಾರಸಂಗ್ರಹದ ಒಂದು ಸಂಖ್ಯಾಮಾಲೆ: 12345654321

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ (ಕ್ರಿ.ಶ. 814–878) ಕಾಲದಲ್ಲಿ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ, ಒಂದರಿಂದ ಮೊದಲ್ಗೊಂಡು ಆರರವರೆಗೆ ಏರಿ ಮತ್ತೆ ಕ್ರಮವಾಗಿ ಇಳಿಯುವ ರಾಶಿಯೊಂದರ ವರ್ಣನೆಯಿದೆ. ಅದು 12345654321. 142857143ನ್ನು 7ರಿಂದ ಗುಣಿಸಿದಾಗ ದೊರೆಯುವ 1000000001ರಂತಹ, ಎಡದಿಂದಲೂ ಬಲದಿಂದಲೂ ಒಂದೇ ತೆರನಾಗಿ ಓದಬಹುದಾದ ಗುಣಲಬ್ಧಗಳನ್ನು ಗ್ರಂಥಕಾರನು ಕಂಠಾಭರಣಕ್ಕೆ ಹೋಲಿಸುತ್ತಾನೆ. ಇವು ಕಾವ್ಯಶಾಸ್ತ್ರದ ಗತಪ್ರತ್ಯಾಗತಕ್ಕೆ ಗಣಿತದಲ್ಲಿ ದೊರೆಯುವ ಸಾಟಿ. ಇವನ್ನು ಬರಿಯ ಸಂಖ್ಯಾವಿನೋದವೆಂದು ಬದಿಗಿರಿಸುವುದುಂಟು. ಆದರೆ ಈ ಸಂಖ್ಯೆಯ ಯಾವ ಗುಣ ಅದರ ಸ್ವಂತದ್ದು, ಯಾವುದು ಬರೆಹದ ಪದ್ಧತಿಯಿಂದ ಬಂದದ್ದು ಎಂಬುದನ್ನು ಬೇರ್ಪಡಿಸಿ ನೋಡಿದರೆ ಅದರ ಮಹತ್ತ್ವ ತಿಳಿಯುತ್ತದೆ.

ಮೊದಲನೆಯದಾಗಿ ಸ್ವಂತ ಗುಣಗಳು. ಈ ಸಂಖ್ಯೆ 111111ರ ವರ್ಗ. 111111 ಎಂಬುದು 3, 7, 11, 13 ಮತ್ತು 37 ಎಂಬ ಐದು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ. ಆದ್ದರಿಂದ ವರ್ಗದಲ್ಲಿ ಪ್ರತಿಯೊಂದು ಅವಿಭಾಜ್ಯವೂ ಎರಡು ಸಲ ಬರುತ್ತದೆ. ಭಾಜಕವೊಂದನ್ನು ರಚಿಸುವಾಗ ಪ್ರತಿ ಅವಿಭಾಜ್ಯವನ್ನು ಬಿಡಬಹುದು, ಒಮ್ಮೆ ಅಥವಾ ಎರಡು ಸಲ ಬಳಸಬಹುದು. ಹೀಗೆ ಮೂರರ ಐದನೆಯ ಘಾತದಷ್ಟು, ಅಂದರೆ 243 ಭಾಜಕಗಳು ದೊರೆಯುತ್ತವೆ. 27994681ನ್ನು 441ರಿಂದ ಗುಣಿಸಿದರೂ ಇದೇ ಸಂಖ್ಯೆ ಬರುತ್ತದೆ; ಅವೆರಡೂ ಕ್ರಮವಾಗಿ 5291 ಮತ್ತು 21ರ ವರ್ಗಗಳು. ಯಾವ ಲಿಪಿಯಲ್ಲಿ, ಯಾವ ಪದ್ಧತಿಯಲ್ಲಿ ಬರೆದರೂ ಈ ಗುಣಗಳು ಬದಲಾಗುವುದಿಲ್ಲ.

ಅಂಕಗಳ ಏರಿಳಿತದ ಸಂಗತಿ ಬೇರೆ. 111111ನ್ನು ಅದರಿಂದಲೇ ಗುಣಿಸುವಾಗ ಆರು ಸಾಲುಗಳು ಒಂದೊಂದು ಸ್ಥಾನ ಎಡಕ್ಕೆ ಸರಿದು ನಿಲ್ಲುತ್ತವೆ. ಕಂಬಸಾಲುಗಳ ಮೊತ್ತ 1ರಿಂದ 6ರವರೆಗೆ ಏರಿ 1ಕ್ಕೆ ಇಳಿಯುತ್ತದೆ. ಯಾವ ಮೊತ್ತವೂ 9ನ್ನು ಮೀರದ ಕಾರಣ ದಶಕ ಮುಂದಿನ ಸ್ಥಾನಕ್ಕೆ ಹೋಗುವುದಿಲ್ಲ. ಒಂಬತ್ತು ಒಂದುಗಳವರೆಗೂ ಈ ಕ್ರಮ ಉಳಿದು 12345678987654321 ದೊರೆಯುತ್ತದೆ. ಹತ್ತು ಒಂದುಗಳ ವರ್ಗವಾದ 1234567900987654321ರಲ್ಲಿ ದಶಕ ಸೇರಿ ಮಾಲೆ ಮುರಿಯುತ್ತದೆ. ಹತ್ತರ ಬದಲು ಏಳು ಅಥವಾ ಅದಕ್ಕಿಂತ ದೊಡ್ಡ ಯಾವ ಸಂಖ್ಯೆಯನ್ನು ಆಧಾರವಾಗಿರಿಸಿದರೂ ಇದೇ ಅಂಕಮಾಲೆ ಒಂದು ವರ್ಗಸಂಖ್ಯೆಯನ್ನೇ ಸೂಚಿಸುತ್ತದೆ. ಆಧಾರ ಎಂಟಾದರೆ ಅದು ನಮ್ಮ 37449ರ ವರ್ಗ. ಆಧಾರ ಆರಾದರೆ 6 ಎಂಬ ಅಂಕವೇ ಇರುವುದಿಲ್ಲ.

ಹೀಗೆ ವರ್ಗತ್ವ ಸಂಖ್ಯೆಯ ಧರ್ಮ, ಮಾಲೆಯ ರೂಪ ಸ್ಥಾನಮೌಲ್ಯದ ಧರ್ಮ. ಸ್ಥಾನಮೌಲ್ಯವಿಲ್ಲದ ರೋಮನ್ ಬರೆಹದಲ್ಲಿ ಈ ಏರಿಳಿತ ಕಾಣಿಸದು. ಮಹಾವೀರಾಚಾರ್ಯನ ವೇಳೆಗೆ ಸ್ಥಾನಮೌಲ್ಯ ಪದ್ಧತಿ ಹೊಸದೇನೂ ಆಗಿರಲಿಲ್ಲ. ಆತನು ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳನ್ನು ಹೆಸರಿಸಿದ್ದಾನೆ. ಆದರೆ ಪದ್ಯದ ಮಾತಿನಲ್ಲಿ ಹೇಳಿದ ರಾಶಿಯನ್ನು ಓದುಗನು ಅಂಕಗಳ ಸಾಲಾಗಿ ಕಣ್ಣಮುಂದೆ ನಿಲ್ಲಿಸಿಕೊಳ್ಳಬಲ್ಲನೆಂಬ ಭರವಸೆಯಿಲ್ಲದೆ ಇಂತಹ ವರ್ಣನೆ ಸಾಧ್ಯವಿಲ್ಲ. ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದ ಈ ಗ್ರಂಥವನ್ನು ಪರಾಮರ್ಶಿಸುವವರು ಕಂಠಾಭರಣ ಸಂಖ್ಯೆಗಳನ್ನು ಅಲಂಕಾರವೆಂದಷ್ಟೇ ಎಣಿಸದೆ, ಒಂಬತ್ತನೆಯ ಶತಮಾನದ ಗಣಿತಶಿಕ್ಷಣದ ಸಾಕ್ಷ್ಯವೆಂದು ಓದುವುದು ಉಚಿತ.