‘ಕಂಪೇಟ್ರಿಯಟ್’: ದೇಶಬಾಂಧವರೋ, ಸಹನಾಗರಿಕರೋ?

ಒಂದೇ ದೇಶಕ್ಕೆ ಸೇರಿದವರನ್ನು ಇಂಗ್ಲಿಷಿನಲ್ಲಿ ‘ಕಂಪೇಟ್ರಿಯಟ್’ ಎನ್ನುವುದುಂಟು. 16ನೆಯ ಶತಮಾನದ ಕೊನೆಯ ಭಾಗದಲ್ಲಿ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದ ಈ ಪದವು ಉತ್ತರಕಾಲೀನ ಲ್ಯಾಟಿನ್ನಿನ ‘ಕೊಂಪಾತ್ರಿಯೋತಾ’ ಎಂಬುದರಿಂದ ಹುಟ್ಟಿದೆ. ‘ಕೊಮ್’ ಎಂದರೆ ‘ಜೊತೆಗೆ’. ಉಳಿದ ಭಾಗದ ಬೇರು ಗ್ರೀಕಿನ ‘ಪತ್ರಿಸ್’, ಅಂದರೆ ಪಿತೃಭೂಮಿ. ಅದರೊಳಗೆ ತಂದೆ ಎಂಬರ್ಥದ ‘ಪತೇರ್’ ಅಡಗಿದೆ. ನಮಗೆ ಪರಿಚಿತವಾದ ‘ಪಿತೃ’ ಶಬ್ದವು ಅದರ ಸೋದರಪದ. ಹೀಗೆ, ತಂದೆಯ ನಾಡನ್ನು ಹಂಚಿಕೊಂಡವನೇ ‘ಕಂಪೇಟ್ರಿಯಟ್’. ಬಾಂಧವ್ಯದ ಛಾಯೆಯುಳ್ಳ ನಮ್ಮ ‘ದೇಶಬಾಂಧವ’ ಎಂಬ ಪದ ಇದಕ್ಕೆ ಸಮೀಪವಾದುದು.

ಬಳಕೆಯಲ್ಲಿಯೂ ಈ ಛಾಯೆ ಉಳಿದಿದೆ. ಪರದೇಶದಲ್ಲಿ ಎದುರಾದ ಸ್ವದೇಶದವನನ್ನು ಈ ಪದ ಸಹಜವಾಗಿ ಸೂಚಿಸುತ್ತದೆ. ‘ಫೆಲೋ ಸಿಟಿಜನ್’, ಅಂದರೆ ಸಹನಾಗರಿಕ, ಎಂಬುದಾದರೋ ಕಾನೂನು ನೀಡುವ ಸ್ಥಾನವನ್ನು ಹೇಳುತ್ತದೆ. ಹೊರಗಿನಿಂದ ಬಂದು ಪೌರತ್ವ ಪಡೆದವನು ಅಂದೇ ಸಹನಾಗರಿಕನಾಗುತ್ತಾನೆ. ಆದರೆ ಅವನನ್ನು ದೇಶಬಾಂಧವನೆಂದು ಕರೆಯಲು ನೆರೆಯವರ ನಾಲಿಗೆ ಹಿಂಜರಿಯಬಹುದು.

ಈ ಭೇದ ಪ್ರಾಚೀನವಾದುದು. ಗ್ರೀಕರು ಸಮಾನ ನಗರವುಳ್ಳ ತಮ್ಮವರನ್ನು ‘ಪೊಲಿತೈ’ ಎಂದರು; ಸಮಾನ ಜನ್ಮಭೂಮಿ ಮಾತ್ರವುಳ್ಳ ಅನ್ಯಭಾಷಿಕರಿಗೆ ‘ಪತ್ರಿಯೊತೈ’ ಎಂಬ ಪದವನ್ನು ಬಳಸಿದರು.

ಈ ಹಿನ್ನೆಲೆಯಲ್ಲಿ ಎಫೆಸದವರಿಗೆ ಬರೆದ ಪತ್ರಿಕೆಯ 2:19 ಗಮನಾರ್ಹವಾಗಿದೆ. ಅಲ್ಲಿ ಅನ್ಯಜನರಿಂದ ಬಂದ ವಿಶ್ವಾಸಿಗಳನ್ನು ‘ಸಿಂಪೊಲಿತೈ’, ಅಂದರೆ ದೇವಜನರ ಸಹನಾಗರಿಕರು, ಎಂದು ಕರೆಯಲಾಗಿದೆ. ಹೊಸ ಒಡಂಬಡಿಕೆಯಲ್ಲಿ ಈ ಪದ ಬೇರೆಲ್ಲಿಯೂ ಬರುವುದಿಲ್ಲ. ಇಸ್ರಾಯೇಲಿನ ಪೌರತ್ವಕ್ಕೆ ಹೊರಗಿನವರಾಗಿದ್ದವರಿಗೆ (2:12) ಹುಟ್ಟಿನ ಆಧಾರದ ಮೇಲೆ ಯಾವ ಹಕ್ಕೂ ಇರಲಿಲ್ಲ. ಆದರೆ ಪೌರತ್ವವು ದೊರೆಯಬಹುದಾದದ್ದು. ಯೆರೂಸಲೇಮಿನ ಸಹಸ್ರಾಧಿಪತಿಯು ಬಹಳ ಹಣ ಕೊಟ್ಟು ರೋಮ್ ಪೌರತ್ವವನ್ನು ಪಡೆದಿದ್ದನು (ಅ. ಕೃ. 22:28). ಎಫೆಸದವರಿಗಾದರೋ ಕ್ರಿಸ್ತನ ರಕ್ತವೇ ಆ ಬೆಲೆಯಾಯಿತು (2:13).

ಹಾಗಾದರೆ ತಂದೆಯ ನಂಟು ಇಲ್ಲಿ ಅಳಿದುಹೋಯಿತೇ? ಇಲ್ಲ. ಅದೇ ವಚನವು ಅವರನ್ನು ದೇವರ ಮನೆಯವರೆಂದೂ ಕರೆಯುತ್ತದೆ. ಮುಂದೆ 3:14-15ರಲ್ಲಿ ‘ಪತೇರ್’ ಮತ್ತು ಅದರಿಂದ ಹುಟ್ಟಿದ, ಕುಲ ಎಂಬರ್ಥದ ‘ಪತ್ರಿಯಾ’ ಎಂಬ ಪದಗಳು ಜೊತೆಜೊತೆಯಾಗಿ ಬಂದು, ಪ್ರತಿಯೊಂದು ಕುಲವೂ ತನ್ನ ಹೆಸರನ್ನು ಆ ಒಬ್ಬ ತಂದೆಯಿಂದಲೇ ಪಡೆಯುತ್ತದೆಂದು ತೋರಿಸುತ್ತವೆ. ಕ್ರಮವನ್ನು ಗಮನಿಸಬೇಕು: ಒಂದೇ ಕುಲದವರಾದ್ದರಿಂದ ಇವರು ಒಂದೇ ಪಟ್ಟಣದವರಾಗಲಿಲ್ಲ, ಕೃಪೆಯಿಂದ ಒಳಗೆ ಬಂದು ಒಬ್ಬ ತಂದೆಯ ಮಕ್ಕಳಾದರು.

ಸಭಾಪಾಲನೆಯಲ್ಲಿ ಈ ಕ್ರಮವು ತಲೆಕೆಳಗಾಗುವ ಅಪಾಯ ಯಾವಾಗಲೂ ಇದೆ. ಭಾಷೆ, ಜಾತಿ, ಮನೆತನಗಳ ನಂಟನ್ನೇ ಸಭೆಯ ಐಕ್ಯವೆಂದು ಎಣಿಸಿದಲ್ಲಿ, ಹೊಸದಾಗಿ ದೀಕ್ಷಾಸ್ನಾನ ಹೊಂದಿದವನು ವರ್ಷಗಳು ಕಳೆದರೂ ಅತಿಥಿಯಾಗಿಯೇ ಉಳಿಯುತ್ತಾನೆ. ಪೌಲನ ಪದವು ಅವನಿಗೆ ಸಲ್ಲಿಸುವುದು ಆತಿಥ್ಯವನ್ನಲ್ಲ, ಹಕ್ಕನ್ನು.