ಮೊದಲು ಮನೆ, ಉಳಿದದ್ದು ಆಮೇಲೆ
‘ಕುಡಿತ ಬಿಡು, ಕೆಲಸ ಹಿಡಿ, ಆಮೇಲೆ ಮನೆ.’ ವರ್ಷಗಟ್ಟಲೆ ಬೀದಿಯಲ್ಲಿ ಮಲಗಿದವರಿಗೆ ಜಗತ್ತು ಹೇಳ್ತಾ ಬಂದಿದ್ದು ಇದನ್ನೇ. ಫಿನ್‌ಲ್ಯಾಂಡ್ 2008ರಲ್ಲಿ ಈ ಕ್ರಮವನ್ನೇ ತಿರುಗಿಸಿತು: ಮೊದಲು ಮನೆ.

ಹೆಲ್ಸಿಂಕಿಯಲ್ಲಿ ಸಾಲ್ವೇಷನ್ ಆರ್ಮಿ ಎಂಬ ಸೇವಾಸಂಸ್ಥೆಯ ಸುಮಾರು 250 ಹಾಸಿಗೆಗಳ ತಂಗುದಾಣ ಇತ್ತು. ಅದೇ ಕಟ್ಟಡದಲ್ಲಿ ಸುಮಾರು 80 ಪುಟ್ಟ ಮನೆಗಳಾದವು. ತಮ್ಮದೇ ಬಾಗಿಲು, ತಮ್ಮದೇ ಕೀಲಿ, ತಮ್ಮ ಹೆಸರಲ್ಲೇ ಬಾಡಿಗೆ ಕರಾರು. ಬಾಡಿಗೆ ಕಟ್ಟೋಕೆ ಸರ್ಕಾರದ ವಸತಿ ಭತ್ಯೆ.

ಆದರೆ ಕೀಲಿ ಕೊಟ್ಟು ಕೈತೊಳೆದುಕೊಂಡರೆ ಸಾಲದು. ಬೀದಿಯಲ್ಲಿ ಸದಾ ಜೊತೆಗಾರರಿದ್ದವರಿಗೆ ಒಂಟಿ ಕೋಣೆ ತಡೆಯೋಕಾಗಲ್ಲ. ಅದಕ್ಕೇ ಇಂಥ ಕಟ್ಟಡಗಳಲ್ಲಿ ಮಾತಾಡಿಸೋ ಸಿಬ್ಬಂದಿ ಇರ್ತಾರೆ. ನಿವಾಸಿಗಳು ಸುತ್ತಲ ಬೀದಿ, ಪಾರ್ಕು ಸ್ವಚ್ಛ ಮಾಡ್ತಾರೆ. ಅಕ್ಕಪಕ್ಕದವರ ಪರಿಚಯ ಬೆಳೆಯುತ್ತೆ. ನನಗೆ ಮುಖ್ಯ ಅನ್ನಿಸೋದು ಈ ಒಡನಾಟವೇ.

ಫಿನ್‌ಲ್ಯಾಂಡ್‌ನಲ್ಲಿ 1980ರ ದಶಕದ ಕೊನೆಗೆ 16 ಸಾವಿರ ಮೀರಿದ್ದ ಮನೆಯಿಲ್ಲದವರು 2023ಕ್ಕೆ 3,429. ಸರ್ಕಾರ ವಸತಿ ಭತ್ಯೆ ಕಡಿತ ಮಾಡಿದ ಬೆನ್ನಲ್ಲೇ, 2024ರಲ್ಲಿ ಸಂಖ್ಯೆ ಮತ್ತೆ ಏರಿತು.