ಒಂದು ಪ್ರಮಾಣವಚನ, ಇಬ್ಭಾಗವಾದ ಸಮಾಜ: ಫ್ರಾನ್ಸಿನ ಮಹಾಕ್ರಾಂತಿಯ ಒಂದು ಮುಖ

ಫ್ರಾನ್ಸಿನ ಮಹಾಕ್ರಾಂತಿಯೆಂದೊಡನೆ ಬ್ಯಾಸ್ಟೀಲ್ ಸೆರೆಮನೆಯ ಪತನ, ದೊರೆಯ ಶಿರಚ್ಛೇದ, ಸ್ವಾತಂತ್ರ್ಯ ಸಮಾನತೆಗಳ ಘೋಷಣೆ ನಮ್ಮ ನೆನಪಿಗೆ ಬರುತ್ತವೆ. ಅರಸ ಮತ್ತು ಶ್ರೀಮಂತರು ಒಂದು ಕಡೆ, ಬಡಜನತೆ ಮತ್ತೊಂದು ಕಡೆ ನಿಂತು ನಡೆಸಿದ ಹೋರಾಟವೆಂದೇ ಪಠ್ಯಪುಸ್ತಕಗಳು ಇದನ್ನು ಚಿತ್ರಿಸುತ್ತ ಬಂದಿವೆ. ಆದರೆ ಈ ಕ್ರಾಂತಿಯು ರೈತನನ್ನು ರೈತನಿಂದ, ಹಳ್ಳಿಯನ್ನು ಪಕ್ಕದ ಪಟ್ಟಣದಿಂದ ಬೇರ್ಪಡಿಸಿತೆಂಬುದೂ ಅಷ್ಟೇ ನಿಜ. 1791ರಲ್ಲಿ ಪಾದ್ರಿಗಳಿಂದ ಪಡೆಯಲಾದ ಒಂದು ಪ್ರಮಾಣವಚನದ ಹಿನ್ನೆಲೆಯಲ್ಲಿ ಈ ಒಡಕಿನ ಸ್ವರೂಪವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

1788ರ ಆಗಸ್ಟ್‌ನಲ್ಲಿ ಟಿಪ್ಪುಸುಲ್ತಾನನ ರಾಯಭಾರಿಗಳು ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೆಯ ಲೂಯಿಯನ್ನು ಭೇಟಿಯಾದರು. ಅಲ್ಲಿ ಅವರು ಕಂಡ ರಾಜವೈಭವಕ್ಕೆ ಉಳಿದಿದ್ದ ಆಯುಷ್ಯ ಒಂದು ವರ್ಷಕ್ಕಿಂತ ತುಸು ಹೆಚ್ಚು, ಅಷ್ಟೆ. 1789ರ ಆಗಸ್ಟ್ 4ರ ರಾತ್ರಿ ರಾಷ್ಟ್ರೀಯ ಸಭೆಯು ಸಾಮಂತ ಪದ್ಧತಿಯ ವಿಶೇಷ ಹಕ್ಕುಗಳ ರದ್ದತಿಗೆ ನಾಂದಿ ಹಾಡಿತು. ಆಗಸ್ಟ್ 26ರ ಮಾನವ ಹಕ್ಕುಗಳ ಘೋಷಣೆಯು ಕಾನೂನಿನ ಮುಂದೆ ಎಲ್ಲರೂ ಸಮಾನರೆಂದು ಸಾರಿತು. ಮುಂದಿನ ಎರಡು ವರ್ಷಗಳಲ್ಲಿ ಪ್ರೊಟೆಸ್ಟೆಂಟರಿಗೂ ಯಹೂದಿಗಳಿಗೂ ಪೌರತ್ವ ದೊರೆಯಿತು. 1792ರ ಸೆಪ್ಟೆಂಬರಿನಲ್ಲಿ ವಿವಾಹ ವಿಚ್ಛೇದನಕ್ಕೆ ಕಾನೂನಿನ ಮನ್ನಣೆ ಸಿಕ್ಕಿತು. ಜನನ, ಮರಣ, ವಿವಾಹಗಳ ದಾಖಲೆ ಚರ್ಚಿನ ಕೈಯಿಂದ ಪುರಸಭೆಗಳಿಗೆ ವರ್ಗವಾಯಿತು. ಇವು ಸಾಮಾನ್ಯ ಸಾಧನೆಗಳಲ್ಲ.

ಆದರೆ ರಾಜ್ಯದ ಬೊಕ್ಕಸ ಬರಿದಾಗಿತ್ತು. ಸಾಲ ತೀರಿಸಲು ಸಭೆಯು 1789ರ ನವೆಂಬರ್ 2ರಂದು ಚರ್ಚಿನ ಆಸ್ತಿಯನ್ನು ರಾಷ್ಟ್ರದ ವಶಕ್ಕೆ ತೆಗೆದುಕೊಂಡು ಮಾರಾಟಕ್ಕಿಟ್ಟಿತು. ಆಸ್ತಿ ಕಳೆದುಕೊಂಡ ಪಾದ್ರಿಗಳಿಗೆ ಸರ್ಕಾರವೇ ಸಂಬಳ ಕೊಡಬೇಕಾಯಿತು. ಸಂಬಳ ಕೊಡುವ ಸರ್ಕಾರ ಚರ್ಚಿನ ಆಡಳಿತವನ್ನೂ ತಿದ್ದಲು ಮುಂದಾಯಿತು. 1790ರ ಜುಲೈ 12ರಂದು ಅಂಗೀಕೃತವಾದ ಶಾಸನದ ಪ್ರಕಾರ ಜಿಲ್ಲೆಗೊಬ್ಬರಂತೆ 83 ಬಿಷಪ್ಪರು ಮಾತ್ರ ಉಳಿಯಬೇಕಿತ್ತು. ಬಿಷಪ್ಪರನ್ನೂ ಪಾದ್ರಿಗಳನ್ನೂ ಮತದಾರರೇ ಚುನಾಯಿಸಬೇಕಿತ್ತು. ಅದೇ ನವೆಂಬರಿನಲ್ಲಿ ಇನ್ನೊಂದು ಆಜ್ಞೆ ಹೊರಬಿತ್ತು: ಹುದ್ದೆಯಲ್ಲಿರುವ ಪ್ರತಿಯೊಬ್ಬ ಪಾದ್ರಿಯೂ ರಾಷ್ಟ್ರಕ್ಕೆ, ಕಾನೂನಿಗೆ, ದೊರೆಗೆ ನಿಷ್ಠನಾಗಿದ್ದು ಸಂವಿಧಾನವನ್ನು ಎತ್ತಿಹಿಡಿಯುವೆನೆಂದು ಪ್ರಮಾಣ ಮಾಡಬೇಕು, ತಪ್ಪಿದರೆ ಹುದ್ದೆ ಬಿಡಬೇಕು.

ಪ್ರಮಾಣವು ಭಾನುವಾರದ ಪೂಜೆಯ ನಂತರ, ಚರ್ಚಿನಲ್ಲಿ, ನೆರೆದ ಭಕ್ತರೆದುರಿಗೇ ನಡೆಯಬೇಕಿತ್ತು. ಹೀಗಾಗಿ ಪಾದ್ರಿಯ ಆತ್ಮಸಾಕ್ಷಿಯ ಪ್ರಶ್ನೆ ಇಡೀ ಊರಿನ ಪ್ರಶ್ನೆಯಾಗಿ ಪರಿಣಮಿಸಿತು. ಬಿಷಪ್ಪರಲ್ಲಿ ಪ್ರಮಾಣ ಸ್ವೀಕರಿಸಿದವರು ಕೇವಲ ಏಳು ಮಂದಿ. ಹಳ್ಳಿಯ ಪಾದ್ರಿಗಳಲ್ಲಿ ಸುಮಾರು ಅರ್ಧದಷ್ಟು ಜನ ಒಪ್ಪಿದರು, ಉಳಿದವರು ನಿರಾಕರಿಸಿದರು. 1791ರ ವಸಂತದಲ್ಲಿ ಪೋಪ್ ಆರನೆಯ ಪಯಸ್ ಈ ಶಾಸನವನ್ನು ಖಂಡಿಸಿದಾಗ, ಒಪ್ಪಿದ್ದವರಲ್ಲಿಯೂ ಕೆಲವರು ಹಿಂದೆ ಸರಿದರು.

ಗಮನಾರ್ಹ ಸಂಗತಿಯೆಂದರೆ ಈ ಒಡಕು ದೇಶದಾದ್ಯಂತ ಒಂದೇ ತೆರನಾಗಿರಲಿಲ್ಲ. ಪ್ಯಾರಿಸ್ಸಿನ ಸುತ್ತಮುತ್ತ ಹಾಗೂ ಆಗ್ನೇಯ ಭಾಗದಲ್ಲಿ ಹೆಚ್ಚಿನವರು ಒಪ್ಪಿದರೆ, ಪಶ್ಚಿಮ ಭಾಗ ಮತ್ತು ಅಲ್ಸೇಸ್‌ಗಳಲ್ಲಿ ಬಹುತೇಕರು ನಿರಾಕರಿಸಿದರು. ಪಶ್ಚಿಮದ ಮನೆಗಳು ಹೊಲಗಳ ನಡುವೆ ಚದುರಿದ್ದವು; ಜನ ಒಂದೆಡೆ ಸೇರುತ್ತಿದ್ದುದು ಚರ್ಚಿನಲ್ಲಿ ಮಾತ್ರ. ಪಾದ್ರಿಗಳಲ್ಲಿ ಅನೇಕರು ಆ ಸೀಮೆಯ ಮಕ್ಕಳೇ ಆಗಿದ್ದರು. ಕ್ರಾಂತಿಯಿಂದ ಅಲ್ಲಿನ ಗೇಣಿದಾರನಿಗೆ ದಕ್ಕಿದ್ದೂ ಅಲ್ಪ. ದಶಮಾಂಶ ತೆರಿಗೆ ರದ್ದಾದರೂ ಅಷ್ಟು ಮೊತ್ತವನ್ನು ಗೇಣಿಗೆ ಸೇರಿಸಿಕೊಳ್ಳಲು ಭೂಮಾಲೀಕರಿಗೆ ಅವಕಾಶವಿತ್ತು. ಚರ್ಚಿನ ಜಮೀನನ್ನು ಕೊಂಡವರಲ್ಲಿ ಪಟ್ಟಣದ ಹಣವಂತರೇ ಹೆಚ್ಚು. ಹಳೆಯ ಪಾದ್ರಿಯನ್ನು ಹೊರಹಾಕಿ ಹೊಸಬನನ್ನು ಕೂರಿಸಲು ಬಂದ ಅಧಿಕಾರಿಗಳೂ ಅದೇ ವರ್ಗದವರು. ಹೊಸ ಪಾದ್ರಿಗಳನ್ನು ಎದುರಿಸುವುದರಲ್ಲಿ, ಹಳಬರನ್ನು ಅಡಗಿಸಿಡುವುದರಲ್ಲಿ ಹೆಂಗಸರು ಮುಂದಾದರು.

1793ರ ಫೆಬ್ರವರಿಯಲ್ಲಿ ಸರ್ಕಾರ 3 ಲಕ್ಷ ಜನರನ್ನು ಸೈನ್ಯಕ್ಕೆ ಸೇರಿಸಿಕೊಳ್ಳಲು ಆಜ್ಞಾಪಿಸಿದಾಗ ಕೂಡಿಟ್ಟ ಕೋಪ ಸ್ಫೋಟಿಸಿತು. ಮಾರ್ಚ್‌ನಲ್ಲಿ ವಾಂದೇ ಪ್ರಾಂತ್ಯ ದಂಗೆಯೆದ್ದಿತು. ಮೊದಲ ನಾಯಕರಲ್ಲಿ ಊರೂರು ಸುತ್ತಿ ವ್ಯಾಪಾರ ಮಾಡುತ್ತಿದ್ದ ಕಾತೆಲಿನೋ, ಬೇಟೆಕಾವಲುಗಾರನಾಗಿದ್ದ ಸ್ತೋಫ್ಲೆ ಇದ್ದರೆಂಬುದನ್ನು ಮರೆಯಲಾಗದು; ಶ್ರೀಮಂತರ ಪೈಕಿ ಹಲವರನ್ನು ರೈತರೇ ಹೋಗಿ ಕರೆತಂದರು. ಮಾಶ್‌ಕೂಲ್ ಪಟ್ಟಣದಲ್ಲಿ ದಂಗೆಕೋರರು ಗಣರಾಜ್ಯವಾದಿಗಳನ್ನು ಕೊಂದರು. ಡಿಸೆಂಬರ್ 23ರಂದು ಸಾವ್‌ನೇಯಲ್ಲಿ ಬಂಡಾಯದ ಮುಖ್ಯ ಸೈನ್ಯ ನಾಶವಾಯಿತು. ಆಮೇಲೂ 1794ರಲ್ಲಿ ಸೇನಾಪತಿ ತ್ಯುರೋನ ದಳಗಳು ಹಳ್ಳಿಗಳನ್ನು ಸುಟ್ಟು, ಹೆಂಗಸರು ಮಕ್ಕಳೆನ್ನದೆ ಸಂಹರಿಸಿದವು. ನಾಂತ್ ನಗರದಲ್ಲಿ ಕಾರಿಯೇ ಎಂಬ ಪ್ರತಿನಿಧಿಯ ಆಡಳಿತದಲ್ಲಿ ಬಂಧಿತರನ್ನು ಲುವಾರ್ ನದಿಯಲ್ಲಿ ಮುಳುಗಿಸಲಾಯಿತು. ಎರಡೂ ಪಕ್ಷ ಸೇರಿ ಸತ್ತವರ ಸಂಖ್ಯೆ 2 ಲಕ್ಷದಷ್ಟಿರಬಹುದೆಂದು ಅಂದಾಜು.

1986ರಲ್ಲಿ ರೆನಾಲ್ಡ್ ಸೆಶೇ ಇದನ್ನು ಜನಾಂಗಹತ್ಯೆಯೆಂದು ಕರೆದರು. ಇದು ಕ್ರೂರವಾದ ಅಂತರ್ಯುದ್ಧವೇ ಹೊರತು ಒಂದು ಜನಾಂಗದ ನಿರ್ಮೂಲನದ ಯೋಜನೆಯಲ್ಲವೆಂಬುದು ಬಹುಪಾಲು ಇತಿಹಾಸಕಾರರ ನಿಲುವು. ವಾಂದೇಯ ರೈತನನ್ನು ಕೇವಲ ಮೂಢಭಕ್ತನೆಂದು ತಳ್ಳಿಹಾಕುವುದೂ, ಗಣರಾಜ್ಯವನ್ನು ಕೇವಲ ಹಂತಕನೆಂದು ಬಗೆಯುವುದೂ ಸತ್ಯಕ್ಕೆ ದೂರವಾದ ಮಾತೇ ಸರಿ.

1801ರಲ್ಲಿ ನೆಪೋಲಿಯನ್ ಪೋಪರೊಡನೆ ಮಾಡಿಕೊಂಡ ಒಪ್ಪಂದವು ಚರ್ಚಿನ ಬಿರುಕಿಗೆ ತೇಪೆ ಹಾಕಿತು. 1905ರ ಕಾನೂನು ಚರ್ಚನ್ನೂ ರಾಜ್ಯವನ್ನೂ ಬೇರ್ಪಡಿಸಿತು. ಆದರೂ ಗಾಯ ಪೂರ್ತಿ ಮಾಯಲಿಲ್ಲ. 1791ರ ಪ್ರಮಾಣವಚನದ ಭೂಪಟವನ್ನು ಇಪ್ಪತ್ತನೆಯ ಶತಮಾನದ ನಡುಭಾಗದ ಧಾರ್ಮಿಕ ಆಚರಣೆಯ ಭೂಪಟದೊಡನೆ ಹೋಲಿಸಿದರೆ ಎರಡಕ್ಕೂ ಇರುವ ಸಾಮ್ಯ ಎದ್ದುಕಾಣುತ್ತದೆ. ಪಾದ್ರಿಗಳು ನಿರಾಕರಿಸಿದ ಸೀಮೆಗಳಲ್ಲಿ ಚರ್ಚಿಗೆ ಹೋಗುವವರು ಬಹುಕಾಲ ಹೆಚ್ಚಾಗಿಯೇ ಉಳಿದರು. ಜನರ ಹೆಸರಿನಲ್ಲಿ ರೂಪುಗೊಂಡ ಶಾಸನವೂ, ಜನ ಯಾವುದನ್ನು ತಮ್ಮದೆಂದು ನಂಬಿರುವರೋ ಅದನ್ನು ವಿಚಾರಿಸದೆ ಜಾರಿಗೆ ಬಂದಾಗ, ತಲೆಮಾರುಗಳುದ್ದಕ್ಕೂ ಅವರನ್ನು ಒಡೆಯಬಲ್ಲದೆಂಬುದಕ್ಕೆ ಇದು ಸಾಕ್ಷಿ.